ದಂಪತಿ ಜೋಡಿಯಾಗಿ ಕೇಪ್ ಎಪಿಕ್ ಪೂರೈಸುವುದು ಹೇಗೆ: ತಯಾರಿಯಿಂದ ಕೊನೆಯ ಹಂತದವರೆಗೆ

ದಕ್ಷಿಣ ಆಫ್ರಿಕಾದ ಪಶ್ಚಿಮ ಕೇಪ್ ಪ್ರಾಂತ್ಯದಲ್ಲಿ, ಅಲ್ಲಿನ ಬೇಸಿಗೆ ಮುಗಿಯುತ್ತಾ ಬರುವ ಮಾರ್ಚ್ ತಿಂಗಳಲ್ಲಿ, ಕೇಪ್ ಎಪಿಕ್ ಎಂಬ ಮೌಂಟನ್ ಬೈಕ್ ಸ್ಪರ್ಧೆ ನಡೆಯುತ್ತದೆ. 2004ರಲ್ಲಿ ಕೆವಿನ್ ವರ್ಮಾಕ್ ಆರಂಭಿಸಿದ ಈ ಸ್ಪರ್ಧೆಯಲ್ಲಿ ಮೊದಲ ದಿನ ಪ್ರೊಲಾಗ್ ಎಂಬ ಚಿಕ್ಕ ಆರಂಭಿಕ ಹಂತ, ಆಮೇಲೆ ಏಳು ದಿನ ಏಳು ಹಂತಗಳಿರುತ್ತವೆ. ಮಾರ್ಗ ಪ್ರತಿ ವರ್ಷ ಬದಲಾದರೂ ಒಟ್ಟು ದೂರ ಸಾಮಾನ್ಯವಾಗಿ 600ರಿಂದ 700 ಕಿ.ಮೀ. ಇರುತ್ತದೆ ಮತ್ತು ಏರಿದ ಎತ್ತರವನ್ನೆಲ್ಲ ಕೂಡಿಸಿದರೆ 15,000 ಮೀಟರ್ ಆಸುಪಾಸು ಆಗುತ್ತದೆ. ಇಬ್ಬರ ತಂಡವಾಗಿಯೇ ಹೆಸರು ನೋಂದಾಯಿಸಬೇಕು. ಒಬ್ಬ ಮಹಿಳೆ ಮತ್ತು ಒಬ್ಬ ಪುರುಷ ಸೇರಿದ ತಂಡಗಳಿಗೆ ಮಿಶ್ರ ವಿಭಾಗವಿದ್ದು, ಜೊತೆಯಾಗಿ ಸ್ಪರ್ಧಿಸುವ ದಂಪತಿಗಳಲ್ಲಿ ಹೆಚ್ಚಿನವರು ಇದರಲ್ಲೇ ಇರುತ್ತಾರೆ.

ಈ ಸ್ಪರ್ಧೆಯ ಸ್ವರೂಪವನ್ನೇ ನಿರ್ಧರಿಸುವ ನಿಯಮವೊಂದಿದೆ. ತಂಡದ ಇಬ್ಬರ ನಡುವಿನ ಅಂತರ ದಾರಿಯುದ್ದಕ್ಕೂ ಎರಡು ನಿಮಿಷ ಮೀರಬಾರದು, ಮೀರಿದರೆ ತಂಡದ ಸಮಯಕ್ಕೆ ಒಂದು ಗಂಟೆಯ ದಂಡ ಸೇರುತ್ತದೆ. ಆದ್ದರಿಂದ ಇಲ್ಲಿ ಒಬ್ಬರ ಬಲ ತನ್ನಷ್ಟಕ್ಕೆ ಯಾವ ಲಾಭವನ್ನೂ ತಂದುಕೊಡುವುದಿಲ್ಲ. ಬಲಶಾಲಿಯಾದವರ ಬಳಿ ಉಳಿಯುವ ಹೆಚ್ಚುವರಿ ಶಕ್ತಿ ಯಾವ ಕೆಲಸಕ್ಕೆ ವಿನಿಯೋಗವಾಗಬೇಕು ಎಂಬುದನ್ನು ಸ್ಪರ್ಧೆಗೆ ಮುಂಚೆಯೇ ತೀರ್ಮಾನಿಸಿಕೊಂಡ ದಂಪತಿ ನೆಮ್ಮದಿಯಿಂದ ಗುರಿ ಮುಟ್ಟುತ್ತಾರೆ, ಮತ್ತು ಈ ಮಾರ್ಗದರ್ಶಿ ಮುಖ್ಯವಾಗಿ ಆ ತೀರ್ಮಾನಗಳ ಕುರಿತಾಗಿದೆ. ಪತಿಯೇ ಬಲಶಾಲಿ ಎಂದು ಮೊದಲೇ ಭಾವಿಸಿಕೊಳ್ಳುವ ಅಗತ್ಯವಿಲ್ಲ. ಏರಿನಲ್ಲಿ ಪತ್ನಿ ಮುಂದಿದ್ದು ಇಳಿಜಾರಿನಲ್ಲಿ ಪತಿ ಚುರುಕಾಗಿರುವ, ಅಥವಾ ಇದಕ್ಕೆ ವಿರುದ್ಧವಾಗಿರುವ ಜೋಡಿಗಳು ಬೇಕಾದಷ್ಟಿವೆ. ಹಾಗಾಗಿ ಮುಂದೆ ‘ಬಲಶಾಲಿ’ ಎಂದಾಗಲೆಲ್ಲ ಆಯಾ ಸನ್ನಿವೇಶದಲ್ಲಿ ಮುಂದಿರುವವರು ಎಂದಷ್ಟೇ ತಿಳಿಯಬೇಕು.

ಮೊದಲ ಹೆಜ್ಜೆ: ಗುರಿಯನ್ನು ಬರೆದಿಟ್ಟುಕೊಳ್ಳುವುದು

ಸ್ಪರ್ಧೆಗೆ ಒಂದು ವರ್ಷ ಇರುವಾಗಲೇ ಇಬ್ಬರೂ ಬೇರೆ ಬೇರೆ ಕಾಗದದ ಮೇಲೆ ತಮ್ಮ ತಮ್ಮ ಗುರಿಯನ್ನು ಬರೆದು, ಆಮೇಲೆ ಅದಲು ಬದಲು ಮಾಡಿಕೊಂಡು ಓದಬೇಕು. ಒಬ್ಬರಿಗೆ ನಿಗದಿತ ಗಡುವಿನೊಳಗೆ ಎಂಟೂ ದಿನ ಮುಗಿಸಿದರೆ ಸಾಕು, ಇನ್ನೊಬ್ಬರಿಗೆ ಮಿಶ್ರ ವಿಭಾಗದಲ್ಲಿ ಒಳ್ಳೆಯ ಸ್ಥಾನ ಬೇಕು ಎಂದಾದರೆ, ಆ ಭಿನ್ನಾಭಿಪ್ರಾಯ ಮೂರನೆಯ ದಿನ ಸುಡುಬಿಸಿಲಿನ ಏರಿನ ನಡುವೆ ಹೊರಬರುವುದಕ್ಕಿಂತ ಮನೆಯ ಊಟದ ಮೇಜಿನ ಬಳಿಯೇ ಬಗೆಹರಿಯುವುದು ಒಳ್ಳೆಯದು. ಗುರಿಗಳು ಹೊಂದದಿದ್ದರೆ ಎರಡರಲ್ಲಿ ಚಿಕ್ಕದನ್ನೇ ತಂಡದ ಗುರಿಯಾಗಿ ಸ್ವೀಕರಿಸಬೇಕೆಂಬುದು ನನ್ನ ದೃಢ ಅಭಿಪ್ರಾಯ. ದೊಡ್ಡ ಗುರಿಗೆ ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡವರು ಎಂಟು ದಿನವೂ ಸಂಗಾತಿಗೆ ಋಣಿಯಾದವರಂತೆ ಪೆಡಲು ತುಳಿಯುತ್ತಾರೆ, ಮತ್ತು ಆ ಭಾವನೆ ಕಾಲಿನ ನೋವಿಗಿಂತ ಬೇಗ ಮನುಷ್ಯನನ್ನು ದಣಿಸುತ್ತದೆ.

ಗುರಿಯ ಜೊತೆಗೆ ಅಂತರವನ್ನೂ ಅಳೆಯಬೇಕು. ಬೆಂಗಳೂರಿನವರಿಗೆ ಇದಕ್ಕೆ ನಂದಿಬೆಟ್ಟದ ರಸ್ತೆಗಿಂತ ಅನುಕೂಲವಾದ ಜಾಗ ಬೇರೆಯಿಲ್ಲ. ಒಂದೇ ಬೆಳಿಗ್ಗೆ, ಒಬ್ಬರನ್ನೊಬ್ಬರು ನೋಡದಷ್ಟು ಬಿಡುವು ಕೊಟ್ಟು, ಇಬ್ಬರೂ ತಮ್ಮ ಪೂರ್ಣ ಶಕ್ತಿಯಿಂದ ಬೆಟ್ಟ ಹತ್ತಿ ಸಮಯ ಗುರುತಿಸಿಕೊಳ್ಳಬೇಕು. ಒಬ್ಬರಿಗೆ 30 ನಿಮಿಷ, ಇನ್ನೊಬ್ಬರಿಗೆ 36 ನಿಮಿಷ ಹಿಡಿಯಿತು ಎಂದುಕೊಳ್ಳೋಣ. ಇದೇ ಪ್ರಮಾಣದಲ್ಲಿ ನೋಡಿದರೆ ಒಂದು ಗಂಟೆಯ ಏರಿನಲ್ಲಿ ಅಂತರ 12 ನಿಮಿಷವಾಗುತ್ತದೆ, ನಿಯಮ ಒಪ್ಪುವುದು ಎರಡೇ ನಿಮಿಷ. ಈ ಲೆಕ್ಕವನ್ನು ಕಣ್ಣಾರೆ ಕಂಡ ಮೇಲೆ ‘ನೀನು ಮುಂದೆ ಹೋಗಿರು, ನಾನು ಬರುತ್ತೇನೆ’ ಎಂಬ ರೂಢಿಯ ಮಾತಿಗೆ ಇಲ್ಲಿ ಜಾಗವಿಲ್ಲವೆಂಬುದು ಇಬ್ಬರಿಗೂ ಸ್ಪಷ್ಟವಾಗುತ್ತದೆ.

ಎರಡನೆಯ ಹೆಜ್ಜೆ: ನೋಂದಣಿ ಮತ್ತು ಪ್ರಯಾಣ

ತಂಡಗಳ ಸಂಖ್ಯೆಗೆ ಮಿತಿಯಿರುವುದರಿಂದ ನೋಂದಣಿಯನ್ನು ಸ್ಪರ್ಧೆಗೆ ಬಹಳ ಮುಂಚೆಯೇ ಮುಗಿಸಬೇಕು. ಆ ವರ್ಷದ ನಿಯಮಪುಸ್ತಕವನ್ನು ಇಬ್ಬರೂ ಪೂರ್ತಿ ಓದಬೇಕು. ಒಬ್ಬರು ಓದಿ ಇನ್ನೊಬ್ಬರಿಗೆ ಹೇಳಿದರೆ ಸಾಲದು. ವೀಸಾ, ಕ್ರೀಡಾ ಅಪಘಾತವನ್ನೂ ಒಳಗೊಳ್ಳುವ ಪ್ರಯಾಣ ವಿಮೆ ಮತ್ತು ವೈದ್ಯರ ತಪಾಸಣೆ, ಈ ಮೂರನ್ನು ಕೊನೆಯ ತಿಂಗಳಿಗೆ ಉಳಿಸಿಕೊಳ್ಳಬಾರದು. ಸೈಕಲ್ಲನ್ನು ಗಟ್ಟಿ ಪೆಟ್ಟಿಗೆಯಲ್ಲಿ ಕಟ್ಟಿ, ಎಲೆಕ್ಟ್ರಾನಿಕ್ ಗೇರಿನ ಬ್ಯಾಟರಿಗಳನ್ನು ಕೈಚೀಲದಲ್ಲಿ ಇಟ್ಟುಕೊಳ್ಳಬೇಕು. ಟೈರಿಗೆ ಗಾಳಿ ತುಂಬುವ ಅನಿಲದ ಚಿಕ್ಕ ಸಿಲಿಂಡರ್‌ಗಳನ್ನು ವಿಮಾನದಲ್ಲಿ ಒಯ್ಯುವುದಕ್ಕೆ ನಿರ್ಬಂಧಗಳಿರುವುದರಿಂದ ಕೇಪ್ ಟೌನ್‌ನಲ್ಲಿಯೇ ಕೊಳ್ಳುವುದು ಸುಲಭ. ದಕ್ಷಿಣ ಆಫ್ರಿಕಾದ ಗಡಿಯಾರ ನಮಗಿಂತ ಮೂರೂವರೆ ಗಂಟೆ ಹಿಂದಿದೆ. ಈ ವ್ಯತ್ಯಾಸಕ್ಕೆ ದೇಹ ಎರಡು ಮೂರು ದಿನಗಳಲ್ಲಿ ಹೊಂದಿಕೊಳ್ಳುತ್ತದೆಯಾದರೂ, ಸ್ಪರ್ಧೆಗೆ ಐದಾರು ದಿನ ಮುಂಚೆ ತಲುಪಿದರೆ ಅಲ್ಲಿನ ಮರಳು ಮತ್ತು ಸಡಿಲ ಕಲ್ಲಿನ ಜಾಡುಗಳ ಪರಿಚಯವೂ ಆಗುತ್ತದೆ.

ಮೂರನೆಯ ಹೆಜ್ಜೆ: ಒಂಬತ್ತು ತಿಂಗಳ ತರಬೇತಿ

ಉದ್ಯೋಗದಲ್ಲಿರುವ ದಂಪತಿ ವಾರಕ್ಕೆ 8ರಿಂದ 12 ಗಂಟೆ ಸೈಕಲ್ ತುಳಿಯಲು ಸಮಯ ಮಾಡಿಕೊಂಡರೆ ಈ ಸ್ಪರ್ಧೆಯನ್ನು ಮುಗಿಸುವ ಮಟ್ಟಕ್ಕೆ ಬರಬಹುದು. ಮಕ್ಕಳಿರುವ ಮನೆಯಲ್ಲಿ ನಿಜವಾದ ತೊಡಕೆಂದರೆ, ಇಬ್ಬರೂ ಒಟ್ಟಿಗೆ ಬೆಳಗಿನ ಐದು ಗಂಟೆಗೆ ಹೊರಡಲಾಗದಿರುವುದು. ವಾರದ ದಿನಗಳಲ್ಲಿ ಒಬ್ಬರು ರಸ್ತೆಯಲ್ಲಿ, ಇನ್ನೊಬ್ಬರು ಮನೆಯೊಳಗೆ ಸೈಕಲ್ಲನ್ನು ನಿಂತಲ್ಲೇ ತುಳಿಯುವ ಟ್ರೇನರ್ ಸಾಧನದ ಮೇಲೆ ಎಂದು ಸರದಿ ಮಾಡಿಕೊಳ್ಳಬೇಕು. ಅಜ್ಜ ಅಜ್ಜಿಯರ ಅಥವಾ ನೆರೆಯವರ ಸಹಾಯ ಸಿಗುವ ವಾರಾಂತ್ಯಗಳನ್ನು ಜೊತೆಯ ಸವಾರಿಗೆ ಮೀಸಲಿಡಬೇಕು. ಈ ಸರದಿಯಲ್ಲಿ ಹೆಚ್ಚು ದಿನ ತ್ಯಾಗ ಮಾಡುವವರು ಯಾವಾಗಲೂ ಒಬ್ಬರೇ ಆಗದಂತೆ ನೋಡಿಕೊಳ್ಳಬೇಕು, ಏಕೆಂದರೆ ತರಬೇತಿ ತಪ್ಪಿದವರೇ ಮುಂದೆ ತಂಡದ ವೇಗದ ಮಿತಿಯಾಗುತ್ತಾರೆ.

ಮೊದಲ ನಾಲ್ಕು ತಿಂಗಳು ಮಾತನಾಡುತ್ತಾ ಸಾಗಬಹುದಾದ ಹದವಾದ ವೇಗದಲ್ಲಿ ದೀರ್ಘ ಸವಾರಿಗಳನ್ನು ಮಾಡಿ, ವಾರಕ್ಕೆ ಎರಡು ದಿನ ಸೊಂಟ, ಬೆನ್ನು ಮತ್ತು ತೊಡೆಯ ಶಕ್ತಿ ವ್ಯಾಯಾಮ ಸೇರಿಸಬೇಕು. ಆಮೇಲಿನ ಮೂರು ತಿಂಗಳಲ್ಲಿ ವಾರಕ್ಕೆ ಎರಡು ಬಾರಿ ಏರಿನಲ್ಲಿ 10ರಿಂದ 20 ನಿಮಿಷದ ಬಿರುಸಿನ ಸುತ್ತುಗಳನ್ನು ಮಾಡಬೇಕು. ಇವನ್ನು ಇಬ್ಬರೂ ಪ್ರತ್ಯೇಕವಾಗಿಯೇ ಮಾಡುವುದು ಉತ್ತಮ, ಏಕೆಂದರೆ ಬಿರುಸಿನ ಸುತ್ತಿನಲ್ಲಿ ಪ್ರತಿಯೊಬ್ಬರಿಗೂ ಅವರವರ ಶಕ್ತಿಗೆ ತಕ್ಕ ಒತ್ತಡ ಬೇಕು. ಕೊನೆಯ ಎರಡು ತಿಂಗಳುಗಳಲ್ಲಿ ಒತ್ತು ಕೊಡಬೇಕಾದದ್ದು ಬೆನ್ನುಬೆನ್ನಿಗೆ ಬರುವ ದಿನಗಳಿಗೆ: ಶನಿವಾರ ಐದು ಗಂಟೆ, ಭಾನುವಾರ ನಾಲ್ಕು ಗಂಟೆ, ಸಾಧ್ಯವಾದ ಒಂದೆರಡು ವಾರಗಳಲ್ಲಿ ಸೋಮವಾರವೂ ಮೂರು ಗಂಟೆ. ದಣಿದ ಕಾಲಿನಲ್ಲಿ ಎರಡನೆಯ ದಿನ ಹೊರಡುವಾಗ ಸಂಗಾತಿಯ ಸ್ವಭಾವ ಹೇಗಿರುತ್ತದೆ ಎಂಬುದು ಈ ಸವಾರಿಗಳಲ್ಲಿ ಮಾತ್ರ ತಿಳಿಯುತ್ತದೆ. ಚಿಕ್ಕಮಗಳೂರು ಮತ್ತು ಕೊಡಗಿನ ಏರಿಳಿತದ ರಸ್ತೆಗಳು, ಮುಳ್ಳಯ್ಯನಗಿರಿಯ ದೀರ್ಘ ಏರು ಇದಕ್ಕೆ ಹೇಳಿಮಾಡಿಸಿದ ಜಾಗಗಳು. ಕಲ್ಲುಮಣ್ಣಿನ ಜಾಡಿನ ಕೌಶಲಕ್ಕೆ ಯಲಹಂಕದ ಬಳಿಯ ಅವಲಹಳ್ಳಿಯ ಜಾಡುಗಳಿವೆ; ಅರಣ್ಯ ಇಲಾಖೆಯ ಅನುಮತಿ ಮತ್ತು ಸಮಯದ ನಿರ್ಬಂಧಗಳನ್ನು ವಿಚಾರಿಸಿಕೊಂಡೇ ಹೋಗಬೇಕು. ಹಿಮಾಚಲದಲ್ಲಿ ನಡೆಯುವ ಎಂಟಿಬಿ ಹಿಮಾಲಯದಂಥ ಬಹುದಿನದ ಸ್ಪರ್ಧೆಯೊಂದರಲ್ಲಿ ಜೊತೆಯಾಗಿ ಭಾಗವಹಿಸಿದರೆ ಅದಕ್ಕಿಂತ ಒಳ್ಳೆಯ ಪೂರ್ವಾಭ್ಯಾಸ ನಮ್ಮ ದೇಶದಲ್ಲಿ ಸಿಗುವುದು ಕಷ್ಟ.

ಇನ್ನೊಂದು ವಿಷಯ ಬಿಸಿಲಿನದು. ಕೇಪ್‌ನ ಕಣಿವೆಗಳಲ್ಲಿ ಮಾರ್ಚ್‌ನ ಮಧ್ಯಾಹ್ನ ಉಷ್ಣಾಂಶ 40 ಡಿಗ್ರಿ ಮುಟ್ಟುವುದುಂಟು. ಬೆಳಗಿನ ತಂಪಿನಲ್ಲಷ್ಟೇ ಅಭ್ಯಾಸ ಮಾಡಿದ ಬೆಂಗಳೂರಿನ ಸವಾರರು, ತಾವು ಉಷ್ಣ ದೇಶದವರೆಂಬ ಒಂದೇ ಕಾರಣಕ್ಕೆ ಇದಕ್ಕೆ ಸಿದ್ಧರಾಗಿದ್ದೇವೆಂದು ತಿಳಿಯಬಾರದು. ಬಿಸಿಗೆ ದೇಹ ಒಗ್ಗಲು 10ರಿಂದ 14 ದಿನ ಬೇಕು. ಫೆಬ್ರವರಿಯ ಕೊನೆಯಲ್ಲಿ ಎರಡು ವಾರ ಮಧ್ಯಾಹ್ನದ ಹೊತ್ತು ಒಂದು ಗಂಟೆಯಿಂದ ಒಂದೂವರೆ ಗಂಟೆ ಹಗುರವಾಗಿ ತುಳಿದರೆ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಆರಂಭವಾಗುತ್ತದೆ ಮತ್ತು ಅದೇ ವೇಗಕ್ಕೆ ಹೃದಯದ ಬಡಿತ ಇಳಿಯುತ್ತದೆ.

ನಾಲ್ಕನೆಯ ಹೆಜ್ಜೆ: ಎರಡು ಸೈಕಲ್, ಒಂದೇ ಬಿಡಿಭಾಗದ ಚೀಲ

ಮುಂದೆ ಹಿಂದೆ ಎರಡೂ ಕಡೆ 100ರಿಂದ 120 ಮಿ.ಮೀ. ಸಸ್ಪೆನ್ಷನ್ ಇರುವ ಕ್ರಾಸ್ ಕಂಟ್ರಿ ಸೈಕಲ್ ಇಂಥ ಸ್ಪರ್ಧೆಗೆ ಸೂಕ್ತ. ಸೈಕಲ್ಲಿನ ಬೆಲೆಗಿಂತ ಮುಖ್ಯವಾದದ್ದು, ಇಬ್ಬರ ಸೈಕಲ್ಲಿನಲ್ಲೂ ಚೈನು, ಬ್ರೇಕ್ ಪ್ಯಾಡ್, ಚಕ್ರದ ಅಳತೆ ಮತ್ತು ವಾಲ್ವ್ ಒಂದೇ ಬಗೆಯವಾಗಿರುವುದು. ಹಾಗಿದ್ದಾಗ ದಾರಿಯಲ್ಲಿ ಹೊರಬೇಕಾದ ಬಿಡಿಭಾಗಗಳು ಅರ್ಧಕ್ಕೆ ಇಳಿಯುತ್ತವೆ. ಹಿಂದಿನ ಗೇರು ಎಳೆಯುವ ಸಾಧನವನ್ನು ಚೌಕಟ್ಟಿಗೆ ಹಿಡಿದಿಡುವ ಹ್ಯಾಂಗರ್ ಮಾತ್ರ ಒಂದೊಂದು ಸೈಕಲ್ಲಿಗೆ ಒಂದೊಂದು ಆಕಾರದ್ದಾದ ಕಾರಣ ಅದನ್ನು ಇಬ್ಬರಿಗೂ ಪ್ರತ್ಯೇಕವಾಗಿ ಒಯ್ಯಬೇಕು. ಟೈರುಗಳು ಟ್ಯೂಬಿಲ್ಲದವು ಆಗಿರಬೇಕು, ಪಕ್ಕದ ಗೋಡೆ ಗಟ್ಟಿಯಿರಬೇಕು ಮತ್ತು ಚಿಕ್ಕ ತೂತುಗಳನ್ನು ಒಳಗಿನಿಂದಲೇ ಮುಚ್ಚುವ ಸೀಲೆಂಟ್ ದ್ರವವನ್ನು ಸ್ಪರ್ಧೆಗೆ ಹಿಂದಿನ ವಾರ ಹೊಸದಾಗಿ ತುಂಬಿಸಬೇಕು. ಅಲ್ಲಿನ ಮುಳ್ಳು ಮತ್ತು ಚೂಪು ಕಲ್ಲುಗಳ ಎದುರು ಒಣಗಿದ ಸೀಲೆಂಟ್ ಇದ್ದೂ ಇಲ್ಲದಂತೆ. ತೂತು ಮುಚ್ಚುವ ಪ್ಲಗ್, ಒಂದು ಟ್ಯೂಬು, ಪಂಪು, ಚೈನ್ ತುಂಡರಿಸುವ ಉಪಕರಣ, ಚೈನ್ ಜೋಡಿಸುವ ಕೊಂಡಿಗಳು ಮತ್ತು ಒಂದು ಜೊತೆ ಬ್ರೇಕ್ ಪ್ಯಾಡ್ ಬಲಶಾಲಿಯ ಜೇಬಿನಲ್ಲಿರಲಿ. ಆದರೆ ಪಂಕ್ಚರ್ ಹಾಕುವುದು ಮತ್ತು ತುಂಡಾದ ಚೈನು ಸೇರಿಸುವುದು ಇಬ್ಬರಿಗೂ ಬರಲೇಬೇಕು. ಸಂಗಾತಿ ನೋಡಿಕೊಳ್ಳುತ್ತಾರೆ ಎಂಬ ಭರವಸೆ, ಆ ಸಂಗಾತಿಯ ಕೈಗೇ ಪೆಟ್ಟಾದ ದಿನ ಉಪಯೋಗಕ್ಕೆ ಬರುವುದಿಲ್ಲ.

ಐದನೆಯ ಹೆಜ್ಜೆ: ದಾರಿಯಲ್ಲಿ ಜೊತೆಯಾಗಿ ಸಾಗುವ ಕ್ರಮ

ಇಡೀ ಸ್ಪರ್ಧೆಯ ತಿರುಳು ಇಲ್ಲಿದೆ. ಎರಡು ನಿಮಿಷ ಎಂಬುದು ನಿಯಮದ ಮಿತಿ. ದಂಪತಿ ತಾವೇ ಹಾಕಿಕೊಳ್ಳಬೇಕಾದ ಮಿತಿ, ಸಹಜ ಧ್ವನಿಯಲ್ಲಿ ಮಾತನಾಡಿದರೆ ಕೇಳಿಸುವಷ್ಟು ದೂರ.

ಏರಿನಲ್ಲಿ ನಿಧಾನವಾಗಿರುವವರೇ ಮುಂದಿದ್ದು ವೇಗ ನಿರ್ಧರಿಸಬೇಕು. ಬಲಶಾಲಿ ಅರ್ಧ ಚಕ್ರದಷ್ಟು ಮುಂದೆ ಸಾಗಿದರೂ ಇನ್ನೊಬ್ಬರು ತಮಗರಿವಿಲ್ಲದೆ ಬೆನ್ನಟ್ಟುತ್ತಾರೆ, ಮೊದಲ ಗಂಟೆಯಲ್ಲಿ ಹೀಗೆ ವ್ಯಯವಾದ ಶಕ್ತಿ ನಾಲ್ಕನೆಯ ಗಂಟೆಯಲ್ಲಿ ಸಿಗುವುದಿಲ್ಲ. ಹಂತದ ಮೊದಲ ಒಂದೂವರೆ ಗಂಟೆ, ನಿಧಾನವಾಗಿರುವವರು ಏರಿನಲ್ಲೂ ಚಿಕ್ಕ ವಾಕ್ಯಗಳನ್ನು ಉಸಿರು ಕಟ್ಟದೆ ಆಡಬಲ್ಲಷ್ಟು ಹದದಲ್ಲಿರಬೇಕು. ಗಂಟೆಗೆ ಎಂಟು ಹತ್ತು ಕಿ.ಮೀ. ವೇಗದ ಏರಿನಲ್ಲಿ ಗಾಳಿಯ ತಡೆ ಅತ್ಯಲ್ಪವಾದ್ದರಿಂದ ಮುಂದಿದ್ದು ಗಾಳಿ ತಡೆದರೆ ಸಂಗಾತಿಗೆ ಅಷ್ಟೇನೂ ಪ್ರಯೋಜನವಿಲ್ಲ. ಅಲ್ಲಿ ಬಲಶಾಲಿ ಮಾಡಬಹುದಾದ ಸಹಾಯವೆಂದರೆ ಸಂಗಾತಿಯ ನೀರು, ಆಹಾರ, ಉಪಕರಣಗಳ ಭಾರವನ್ನು ತಾನು ಹೊರುವುದು, ಪೊಟ್ಟಣ ಬಿಡಿಸಿ ಕೈಗೆ ಕೊಡುವುದು, ಮುಂದಿನ ತಿರುವು ಎಷ್ಟು ದೂರವಿದೆ ಎಂದು ತಿಳಿಸುವುದು. ಬೆನ್ನಿಗೆ ಕೈಯಿಟ್ಟು ತಳ್ಳುವುದಕ್ಕಾಗಲಿ ಹಗ್ಗದಿಂದ ಎಳೆಯುವುದಕ್ಕಾಗಲಿ ಆ ವರ್ಷದ ನಿಯಮ ಏನು ಹೇಳುತ್ತದೆ ಎಂಬುದನ್ನು ನೋಡದೆ ಕೈಹಾಕಬಾರದು.

ಸಮತಟ್ಟಾದ ಜಲ್ಲಿ ರಸ್ತೆಗೆ ಬಂದೊಡನೆ ಲೆಕ್ಕ ತಲೆಕೆಳಗಾಗುತ್ತದೆ. ಪಶ್ಚಿಮ ಕೇಪ್‌ನಲ್ಲಿ ಬೇಸಿಗೆಯುದ್ದಕ್ಕೂ ಬೀಸುವ ಆಗ್ನೇಯ ಮಾರುತ ಬಲವಾದದ್ದು, ಗಂಟೆಗೆ 25ರಿಂದ 30 ಕಿ.ಮೀ. ವೇಗದಲ್ಲಿ ಸವಾರನ ಶ್ರಮದ ಬಹುಪಾಲು ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ. ಬಲಶಾಲಿಯ ಹೆಚ್ಚುವರಿ ಶಕ್ತಿಯನ್ನು ಪೂರ್ಣವಾಗಿ ಖರ್ಚು ಮಾಡಬೇಕಾದ ಜಾಗ ಇದೇ. ಸಂಗಾತಿ ಅವರ ಹಿಂಚಕ್ರಕ್ಕೆ ಅರ್ಧ ಮೀಟರಿನಿಂದ ಒಂದು ಮೀಟರ್ ಹಿಂದೆ ಉಳಿಯಬೇಕು, ಅಡ್ಡಗಾಳಿಯಿದ್ದರೆ ಗಾಳಿ ಬೀಸುವ ದಿಕ್ಕಿನ ಮರೆಗೆ ಕೊಂಚ ಓರೆಯಾಗಿ ಸರಿಯಬೇಕು. ಇಷ್ಟು ಹತ್ತಿರದಲ್ಲಿ ಸಾಗುವುದಕ್ಕೆ ಧೈರ್ಯ ಅಭ್ಯಾಸದಿಂದಲೇ ಬರಬೇಕು, ಹಾಗಾಗಿ ಊರಿನಲ್ಲಿರುವಾಗಲೇ ವಾಹನ ಕಡಿಮೆಯಿರುವ ರಸ್ತೆಯಲ್ಲಿ ತಿಂಗಳುಗಟ್ಟಲೆ ರೂಢಿಸಿಕೊಳ್ಳಬೇಕು. ಮುಂದಿರುವವರು ಹೊಂಡ, ಕಲ್ಲು, ಮರಳನ್ನು ಕೈಸನ್ನೆಯಿಂದಲೂ ಮಾತಿನಿಂದಲೂ ತೋರಿಸುತ್ತಿರಬೇಕು.

ಇಕ್ಕಟ್ಟಾದ ಜಾಡು ಶುರುವಾಗುವ ಮುನ್ನ ಇಬ್ಬರೂ ಒಂದಾಗಿ ಒಳನುಗ್ಗಬೇಕು. ನಡುವೆ ಬೇರೆ ತಂಡಗಳು ಸೇರಿಕೊಂಡರೆ ಆಮೇಲೆ ದಾಟಿ ಬರುವುದು ಕಷ್ಟ. ಇಳಿಜಾರಿನಲ್ಲಿ ಕೌಶಲ ಹೆಚ್ಚಿರುವವರು ಮುಂದಿದ್ದು ದಾರಿ ತೋರಿಸುವುದು ನನಗೆ ಸರಿ ಕಾಣುತ್ತದೆಯಾದರೂ, ಹಿಂದಿರುವವರಿಗೆ ಆ ವೇಗ ಭಯ ತರಿಸುತ್ತಿದ್ದರೆ ತಕ್ಷಣ ಸ್ಥಾನ ಬದಲಿಸಿಕೊಳ್ಳಬೇಕು. ಧೂಳು ದಟ್ಟವಾಗಿದ್ದಾಗ 20ರಿಂದ 30 ಮೀಟರ್ ಅಂತರ ಬಿಡದಿದ್ದರೆ ಕಲ್ಲು ಕಾಣುವುದಿಲ್ಲ. ಇಳಿಜಾರಿನ ನಿರ್ಧಾರಗಳಲ್ಲಿ ಹೆಚ್ಚು ಅಂಜುವವರ ಮಾತೇ ಅಂತಿಮ ಎಂದು ಮೊದಲೇ ಒಪ್ಪಿಕೊಂಡಿರಬೇಕು. ಇಳಿಯುವಾಗ ಗಳಿಸುವ ಒಂದು ನಿಮಿಷಕ್ಕಾಗಿ ಕಾಲರ್‌ಬೋನ್ ಮುರಿದುಕೊಂಡರೆ ಇಬ್ಬರ ಒಂದು ವರ್ಷದ ಶ್ರಮವೂ ಅಲ್ಲಿಗೆ ನಿಲ್ಲುತ್ತದೆ.

ಮಾತಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ‘ಹೇಗಿದ್ದೀಯ?’ ಎಂದು ಕೇಳಿದರೆ ಸಂಗಾತಿಯನ್ನು ನೋಯಿಸಬಾರದೆಂಬ ಕಾಳಜಿಯಿಂದ ‘ಪರವಾಗಿಲ್ಲ’ ಎಂಬ ಉತ್ತರವೇ ಬರುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಅದರ ಬದಲು ಒಂದರಿಂದ ಹತ್ತರವರೆಗಿನ ಅಂಕಿಯೊಂದನ್ನು ಹೇಳುವ ರೂಢಿ ಮಾಡಿಕೊಳ್ಳಬೇಕು: ಐದು ಎಂದರೆ ಹೀಗೇ ಸಾಗೋಣ, ಏಳು ಎಂದರೆ ಕೊಂಚ ತಗ್ಗಿಸು, ಒಂಬತ್ತು ಎಂದರೆ ತಕ್ಷಣ ಏನಾದರೂ ತಿನ್ನಬೇಕು, ನೀರು ಸುರಿದುಕೊಳ್ಳಬೇಕು. ‘ಬೇಗ ಬಾ’, ‘ಇನ್ನು ಸ್ವಲ್ಪವೇ ಇದೆ’ ಎಂಬ ಎರಡು ಮಾತುಗಳನ್ನು ಎಂಟು ದಿನದ ಮಟ್ಟಿಗೆ ಪೂರ್ತಿಯಾಗಿ ಬಿಟ್ಟುಬಿಡಬೇಕು. ದಣಿದ ಸಂಗಾತಿ ಸಿಡುಕಿದರೆ ಮರುಮಾತಾಡದೆ ತಿನ್ನಲು ಏನಾದರೂ ಕೊಡಬೇಕು, ಏಕೆಂದರೆ ರಕ್ತದ ಸಕ್ಕರೆ ಇಳಿದಾಗ ಮೊದಲು ಕಾಣಿಸುವ ಲಕ್ಷಣಗಳಲ್ಲಿ ಸಿಡುಕುತನವೂ ಒಂದು.

ನೀರಿನ ಠಾಣೆಗಳಲ್ಲಿ ಕೆಲಸ ಹಂಚಿಕೊಂಡರೆ ಪ್ರತಿ ನಿಲುಗಡೆಯಲ್ಲೂ ಸಮಯ ಉಳಿಯುತ್ತದೆ. ಒಬ್ಬರು ಬಾಟಲಿ ತುಂಬಿಸುವಷ್ಟರಲ್ಲಿ ಇನ್ನೊಬ್ಬರು ಚೈನಿನ ಧೂಳು ಒರೆಸಿ ಎಣ್ಣೆ ಹಾಕಬೇಕು, ಮತ್ತು ಸೇರುವ ಜಾಗ ಯಾವಾಗಲೂ ಠಾಣೆಯಿಂದ ಹೊರಬೀಳುವ ಕೊನೆಯಲ್ಲಿರಬೇಕು.

ಆರನೆಯ ಹೆಜ್ಜೆ: ನೀರು, ಉಪ್ಪು, ಆಹಾರ

ಇಷ್ಟು ದೀರ್ಘ ಶ್ರಮಕ್ಕೆ ಗಂಟೆಗೆ 60ರಿಂದ 90 ಗ್ರಾಂ ಶರ್ಕರಪಿಷ್ಟ ಬೇಕು. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ 25 ಗ್ರಾಂ ಆಸುಪಾಸು ಇರುತ್ತದೆ ಎಂದು ನೆನೆದರೆ ಇದು ಎಷ್ಟು ಎಂಬುದು ಮನವರಿಕೆಯಾಗುತ್ತದೆ. ಹೊಟ್ಟೆಗೂ ತರಬೇತಿ ಬೇಕಾದ್ದರಿಂದ ಕೊನೆಯ ಮೂರು ತಿಂಗಳ ದೀರ್ಘ ಸವಾರಿಗಳಲ್ಲೆಲ್ಲ ಸ್ಪರ್ಧೆಯ ದಿನ ತಿನ್ನುವುದನ್ನೇ ತಿನ್ನಬೇಕು. ಮಹಿಳೆಗೆ ಕಡಿಮೆ ಆಹಾರ ಸಾಕು ಎಂಬ ತಪ್ಪು ಕಲ್ಪನೆಯಿಂದ ಅನೇಕ ಜೋಡಿಗಳು ಮಧ್ಯದಲ್ಲೇ ಬಳಲುತ್ತವೆ. ಗಂಟೆಯ ಲೆಕ್ಕದ ಈ ಪ್ರಮಾಣ ಇಬ್ಬರಿಗೂ ಒಂದೇ.

ನೀರಿಗೆ ಗಂಟೆಗೆ 500ರಿಂದ 800 ಮಿ.ಲೀ. ಎಂಬುದು ಆರಂಭದ ಅಂದಾಜು. ತರಬೇತಿಯ ಸವಾರಿಗೆ ಮುಂಚೆ ಮತ್ತು ನಂತರ ತೂಕ ನೋಡಿಕೊಂಡು, ಶೇಕಡಾ ಎರಡು ಮೂರಕ್ಕಿಂತ ಹೆಚ್ಚು ಇಳಿದಿದ್ದರೆ ಪ್ರಮಾಣ ಹೆಚ್ಚಿಸಬೇಕು. ತೂಕ ಏರಿದ್ದರೆ ಅದು ಇನ್ನೂ ಗಂಭೀರ: ಉಪ್ಪಿಲ್ಲದ ಬರೀ ನೀರನ್ನು ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ ಉಂಟಾಗಬಹುದು, ಕೆಲವೊಮ್ಮೆ ಪ್ರಾಣಕ್ಕೂ ಅಪಾಯ. ಬೆವರಿ ನೀರಿಲ್ಲದಾದ ದೇಹಕ್ಕೆ ಐಬುಪ್ರೊಫೇನ್‌ನಂಥ ನೋವಿನ ಮಾತ್ರೆಗಳು ಮೂತ್ರಪಿಂಡದ ತೊಂದರೆ ತರಬಲ್ಲವು, ವೈದ್ಯರನ್ನು ಕೇಳದೆ ನುಂಗಬಾರದು. ಜಾಡು ಹೊಲ, ದ್ರಾಕ್ಷಿತೋಟ, ಜಾನುವಾರುಗಳ ಬಯಲಿನ ನಡುವೆ ಹಾದುಹೋಗುವುದರಿಂದ ಬಾಟಲಿಯ ಬಾಯಿಗೆ ಸಗಣಿ ಬೆರೆತ ಧೂಳು ಅಂಟುತ್ತದೆ. ಕುಡಿಯುವ ಮುನ್ನ ಮೊದಲ ಗುಟುಕನ್ನು ಉಗುಳಬೇಕು, ಮತ್ತು ಎಷ್ಟೇ ಅನ್ಯೋನ್ಯವಾಗಿದ್ದರೂ ಒಬ್ಬರ ಬಾಟಲಿ ಇನ್ನೊಬ್ಬರು ಬಳಸಬಾರದು. ಒಬ್ಬರ ಹೊಟ್ಟೆ ಕೆಟ್ಟರೆ ಒಂದೇ ಗುಡಾರದಲ್ಲಿ ಮಲಗುವ ಇನ್ನೊಬ್ಬರಿಗೂ ಅದು ಬೇಗ ತಗಲುತ್ತದೆ.

ಏಳನೆಯ ಹೆಜ್ಜೆ: ಸಂಜೆಯ ದಿನಚರಿ

ಗುರಿ ಮುಟ್ಟಿದ ಅರ್ಧ ಗಂಟೆಯೊಳಗೆ ಒದ್ದೆ ಚಡ್ಡಿ ಬಿಚ್ಚಿ, ಸ್ನಾನ ಮಾಡಿ, ಚರ್ಮವನ್ನು ಪೂರ್ತಿ ಒಣಗಿಸಬೇಕು. ಸೀಟು ಒತ್ತಿ ಏಳುವ ಹುಣ್ಣುಗಳು ಸ್ಪರ್ಧೆಯಿಂದ ಜನರನ್ನು ಹೊರಹಾಕುವ ಸಾಮಾನ್ಯ ಕಾರಣಗಳಲ್ಲಿ ಒಂದು. ಆಮೇಲೆ ಅನ್ನ ಅಥವಾ ಪಾಸ್ತಾದಂಥ ಆಹಾರದ ಜೊತೆ 20ರಿಂದ 30 ಗ್ರಾಂ ಪ್ರೊಟೀನ್ ಸೇರಬೇಕು. ಸ್ಪರ್ಧಾ ಶಿಬಿರದ ಊಟ ಹೇರಳವಾಗಿರುತ್ತದೆಯಾದರೂ ನಾಲ್ಕನೆಯ ದಿನದ ಹೊತ್ತಿಗೆ ನಾಲಗೆ ಬೇಸರಗೊಳ್ಳುವುದರಿಂದ, ಚಟ್ನಿಪುಡಿ ಮತ್ತು ಉಪ್ಪಿನಕಾಯಿಯ ಪುಟ್ಟ ಡಬ್ಬಿ ಚೀಲದಲ್ಲಿದ್ದರೆ ಊಟ ಹೆಚ್ಚು ಸೇರುತ್ತದೆ. ಸೈಕಲ್ ತೊಳೆಸುವುದು ಒಬ್ಬರ ಪಾಲಿಗೆ, ಬಟ್ಟೆ ಮತ್ತು ಮರುದಿನದ ಆಹಾರದ ಜೋಡಣೆ ಇನ್ನೊಬ್ಬರ ಪಾಲಿಗೆ ಇದ್ದು, ದಿನ ಬಿಟ್ಟು ದಿನ ಬದಲಾಗಬೇಕು. ಹಂತದ ವಿಮರ್ಶೆಯನ್ನು ಊಟವಾದ ಮೇಲೆ ಹತ್ತು ನಿಮಿಷಕ್ಕೆ ಮುಗಿಸಿ, ಒಂಬತ್ತು ಗಂಟೆಗೆ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗಬೇಕು. ನೂರಾರು ಗುಡಾರಗಳ ಶಿಬಿರದಲ್ಲಿ ನಿಶ್ಶಬ್ದವನ್ನು ನಿರೀಕ್ಷಿಸುವಂತಿಲ್ಲ.

ಎಂಟನೆಯ ಹೆಜ್ಜೆ: ಒಬ್ಬರು ನಿಲ್ಲಬೇಕಾಗಿ ಬಂದರೆ

ಈ ಮಾತನ್ನು ಮನೆಯಲ್ಲೇ ಆಡಿ ಮುಗಿಸಿರಬೇಕು. ತಂಡದ ಒಬ್ಬರು ಸ್ಪರ್ಧೆಯಿಂದ ಹಿಂದೆ ಸರಿದರೆ ತಂಡಕ್ಕೆ ಸ್ಥಾನ ಸಿಗುವುದಿಲ್ಲ. ಉಳಿದವರು ಒಬ್ಬರೇ ಮುಂದುವರಿದು ವೈಯಕ್ತಿಕವಾಗಿ ಪೂರೈಸಲು ಅವಕಾಶವಿದೆ. ನಿಲ್ಲಿಸಬೇಕಾದ ಲಕ್ಷಣಗಳ ಬಗ್ಗೆ ಚರ್ಚೆಗೆ ಅವಕಾಶವಿರಬಾರದು: ತಲೆಗೆ ಪೆಟ್ಟು, ಎದೆನೋವು, ಜ್ವರ, ಬಿಸಿಲಿನಲ್ಲಿ ಬೆವರು ನಿಂತು ಮಾತು ತೊದಲುವುದು ಅಥವಾ ದಿಕ್ಕು ತಪ್ಪುವುದು, ನಿಲ್ಲದ ವಾಂತಿ. ಇವುಗಳಲ್ಲಿ ಯಾವುದು ಕಂಡರೂ ಸಂಗಾತಿಯೇ ಸೈಕಲ್ ನಿಲ್ಲಿಸಿ ವೈದ್ಯಕೀಯ ತಂಡವನ್ನು ಕರೆಯಬೇಕು, ಏಕೆಂದರೆ ಅಂಥ ಸ್ಥಿತಿಯಲ್ಲಿರುವವರಿಗೆ ತಮ್ಮ ಬಗ್ಗೆ ಸರಿಯಾದ ತೀರ್ಮಾನ ಮಾಡಲಾಗುವುದಿಲ್ಲ. ಉಳಿದವರು ಮರುದಿನ ಮುಂದುವರಿಯಬೇಕೋ ಬೇಡವೋ ಎಂಬುದನ್ನು ನಿಂತವರೇ ಹೇಳಬೇಕು, ಮತ್ತು ಆ ಉತ್ತರವನ್ನು ವೈದ್ಯರು ಅಪಾಯವಿಲ್ಲವೆಂದು ಖಚಿತಪಡಿಸಿದ ಮೇಲಷ್ಟೇ ಕೇಳಬೇಕು. ಮುಂದುವರಿಯುವುದೆಂದು ತೀರ್ಮಾನವಾದರೆ ಸ್ಪರ್ಧಾ ಕಚೇರಿಗೆ ಅದೇ ಸಂಜೆ ತಿಳಿಸಿ, ಇಬ್ಬರಿಗಾಗಿ ಹೊತ್ತ ಬಿಡಿಭಾಗಗಳಲ್ಲಿ ತನಗೆ ಬೇಕಾದವನ್ನಷ್ಟೇ ಉಳಿಸಿಕೊಂಡು ಹೊರಡಬೇಕು.